ವಕೀಲನೂ ವೃತ್ತಪತ್ರಿಕೆಯೂ

‘ವಕೀಲ’ ಎಂಬುದು ಪಾರಸಿಯ ಮೂಲಕ ಕನ್ನಡಕ್ಕೆ ಬಂದ ಅರಬ್ಬೀ ಶಬ್ದ. ಅದರ ಧಾತ್ವರ್ಥದಲ್ಲಿ ವಾದವೆಂಬ ಭಾವವಾಗಲಿ ವಾಕ್ಚಾತುರ್ಯವೆಂಬ ಭಾವವಾಗಲಿ ಇಲ್ಲ. ಒಬ್ಬನು ತನ್ನ ಕಾರ್ಯವನ್ನು ಮತ್ತೊಬ್ಬನಿಗೆ ನಂಬಿ ಒಪ್ಪಿಸಿದರೆ, ಹಾಗೆ ಒಪ್ಪಿಸಿಕೊಂಡವನು ವಕೀಲ. ಆ ಒಪ್ಪಿಸುವಿಕೆಯೇ ವಕಾಲತ್ತು. ಇಂಗ್ಲಿಷಿನಲ್ಲಿ ‘ಅಡ್ವೊಕೇಟ್’ ಎಂದು ರೂಢವಾಗಿರುವ ಮಾತಿಗೂ ಲ್ಯಾಟಿನ್ ಮೂಲದಲ್ಲಿ ‘ನೆರವಿಗಾಗಿ ಕರೆಯಲ್ಪಟ್ಟವನು’ ಎಂದಷ್ಟೇ ಅರ್ಥ. ನಮ್ಮಲ್ಲಿ ಈಚೆಗೆ ಬಳಕೆಗೆ ಬಂದ ‘ನ್ಯಾಯವಾದಿ’ ಎಂಬ ಪದದಲ್ಲಿ ಮಾತ್ರ ಮಾತು ಮುಂದೆ ಬಂದು ನಿಂತಿದೆ. ಈ ಭೇದವು ಕೇವಲ ನಿಘಂಟಿಗೆ ಸೇರಿದುದಲ್ಲ. ವೃತ್ತಪತ್ರಿಕೆಯ ಪ್ರತಿನಿಧಿಯು ಬಾಗಿಲಿಗೆ ಬಂದು, “ಈ ಮೊಕದ್ದಮೆಯ ವಿಷಯದಲ್ಲಿ ತಾವೇನು ಹೇಳುತ್ತೀರಿ?” ಎಂದು ಕೇಳಿದಾಗ, ಒಳಗಿರುವ ವಾದಿಯು ಉತ್ತರ ಕೊಡಲು ಆತುರಪಡುತ್ತಾನೆ, ವಕೀಲನಾದವನು, ಹೇಳತಕ್ಕ ಮಾತು ಯಾರದೆಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕಾಗುತ್ತದೆ.

ಮನುವು ವ್ಯವಹಾರಪದಗಳನ್ನು ಹದಿನೆಂಟೆಂದು ಎಣಿಸುವಲ್ಲಿ ಋಣಾದಾನದ ಬಳಿಕ ಎರಡನೆಯದಾಗಿ ನಿಕ್ಷೇಪವನ್ನು ಹೇಳುತ್ತಾನೆ. ನಂಬಿ ಇಟ್ಟ ಒಡವೆಯನ್ನು ಇಟ್ಟುಕೊಂಡವನು ತನ್ನ ಭೋಗಕ್ಕೆ ಬಳಸಲಾಗದು. ಇಟ್ಟವನು ಕೇಳಿದಾಗ ಅದು ಅವನಿಗೇ ಹಿಂದಿರುಗಬೇಕು. ಕಕ್ಷಿಗಾರನು ವಕೀಲನ ಕಿವಿಯಲ್ಲಿ ಹೇಳಿದ ಮಾತು ಇಂಥ ಒಂದು ಇಡುಗಂಟು. ಪತ್ರಿಕೆಗಳ ವಿಷಯದಲ್ಲಿ ವಕೀಲನ ನಡತೆಯನ್ನು ಕುರಿತು ನಾನಾ ದೇಶಗಳಲ್ಲಿ ಹುಟ್ಟಿರುವ ನಿಯಮಗಳೂ ತೀರ್ಪುಗಳೂ ಬೇರೆಬೇರೆ ಕಾರಣಗಳನ್ನು ಹೇಳಿದರೂ, ಅವುಗಳ ಬುಡದಲ್ಲಿ ಕಾಣುವುದು ಈ ಒಂದೇ ವಿವೇಚನೆ: ಆಡಿದ ಮಾತು ಇಟ್ಟವನ ಹಿತಕ್ಕಾಗಿ ಹೊರಬಂದಿತೋ, ಇಟ್ಟುಕೊಂಡವನ ಹಿತಕ್ಕಾಗಿ ಬಂದಿತೋ?

ಈ ವಿವೇಚನೆ ಎಷ್ಟು ಕಠಿನವೆಂಬುದನ್ನು ತಿಳಿಯಲು ೧೮೪೦ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ವಿಚಾರಣೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಆ ವರ್ಷ ಮೇ ೬ರ ಬೆಳಗ್ಗೆ, ಲಾರ್ಡ್ ವಿಲಿಯಂ ರಸೆಲ್ ಎಂಬ ವೃದ್ಧ ಶ್ರೀಮಂತನು ತನ್ನ ಮನೆಯ ಹಾಸಿಗೆಯಲ್ಲಿ ಕತ್ತು ಕೊಯ್ದ ಸ್ಥಿತಿಯಲ್ಲಿ ಕಂಡುಬಂದನು. ಸ್ವಿಟ್ಸರ್ಲೆಂಡಿನಿಂದ ಬಂದಿದ್ದ ಅವನ ಪರಿಚಾರಕ ಕುರ್ವಾಸಿಯೆ ಎಂಬುವನ ಮೇಲೆ ಕೊಲೆಯ ಆಪಾದನೆ ಬಂದಿತು. ಘೋರ ಅಪರಾಧದ ಆಪಾದಿತನ ಪರವಾಗಿ ವಕೀಲನು ಜ್ಯೂರಿಯನ್ನುದ್ದೇಶಿಸಿ ಭಾಷಣ ಮಾಡಬಹುದೆಂಬ ಕಾನೂನು ಇಂಗ್ಲೆಂಡಿನಲ್ಲಿ ೧೮೩೬ರಲ್ಲಿ ಆಗತಾನೆ ಬಂದಿತ್ತು. ಹಾಗೆ ಮಾತನಾಡುವವನ ಮರ್ಯಾದೆಗಳೇನೆಂಬುದು ಇನ್ನೂ ಯಾರಿಗೂ ನಿಶ್ಚಯವಿರಲಿಲ್ಲ. ಕುರ್ವಾಸಿಯೆಯ ಪರವಾಗಿ ನಿಂತವನು ಐರ್ಲೆಂಡಿನ ಚಾರ್ಲ್ಸ್ ಫಿಲಿಪ್ಸ್. ಭಾವೋದ್ರೇಕದ ಭಾಷಣಗಳಿಗೆ ಹೆಸರಾದವನು.

ವಿಚಾರಣೆ ಜೂನ್ ೧೮ರಂದು ಮೊದಲಾಯಿತು. ಮೊದಲನೆಯ ದಿನ ಫಿಲಿಪ್ಸನು ತನ್ನ ಕಕ್ಷಿಗಾರ ನಿರಪರಾಧಿಯೆಂದೇ ನಂಬಿ ಮನೆಯ ಸೇವಕಿಯನ್ನು ತೀಕ್ಷ್ಣವಾಗಿ ಪಾಟೀಸವಾಲು ಮಾಡಿದನು. ಅಷ್ಟರಲ್ಲಿ ಕಳುವಾದ ಬೆಳ್ಳಿಯ ಸಾಮಾನು ಲೀಸ್ಟರ್ ಚೌಕದ ಒಂದು ಹೋಟೆಲಿನಲ್ಲಿ ಸಿಕ್ಕಿತು. ಅದನ್ನು ಅಲ್ಲಿ ಇಟ್ಟುಹೋದವನು ಕುರ್ವಾಸಿಯೆಯೆಂದು ಆ ಹೋಟೆಲಿನ ಒಡತಿ ಗುರುತಿಸಿದಳು. ಎರಡನೆಯ ದಿನ ಬೆಳಗ್ಗೆ ಆಪಾದಿತನು ಕಟಕಟೆಯ ಬಳಿಗೆ ತನ್ನ ವಕೀಲರನ್ನು ಕರೆದು ಕೊಲೆ ಮಾಡಿದವನು ತಾನೇ ಎಂದು ತಿಳಿಸಿದನು. ಹಾಗಾದರೆ ತಪ್ಪೊಪ್ಪಿಕೊಳ್ಳುವೆಯಷ್ಟೆ ಎಂದು ಫಿಲಿಪ್ಸನು ಕೇಳಿದ್ದಕ್ಕೆ, ಇಲ್ಲ, ಕೊನೆಯವರೆಗೂ ತಾವು ನನ್ನ ಪರವಾಗಿ ವಾದಿಸಬೇಕು ಎಂಬ ಉತ್ತರ ಬಂದಿತು. ಫಿಲಿಪ್ಸನು ಕಾಗದಗಳನ್ನು ಎಸೆದು ಎದ್ದುಹೋಗಬೇಕೆಂದುಕೊಂಡನು. ಜೊತೆಯ ವಕೀಲನಾದ ಕ್ಲಾರ್ಕ್‌ಸನ್ನನ ಸಲಹೆಯಂತೆ, ಮುಖ್ಯ ನ್ಯಾಯಾಧೀಶ ಟಿಂಡಲನ ಪಕ್ಕದಲ್ಲಿ ಕುಳಿತಿದ್ದ ಬ್ಯಾರನ್ ಪಾರ್ಕ್ ಎಂಬ ನ್ಯಾಯಾಧೀಶನಲ್ಲಿ ಈ ಸಂಕಟವನ್ನು ತೋಡಿಕೊಂಡನು. ಕಕ್ಷಿಗಾರನು ಬಿಡದೆ ಕೇಳುವುದಾದರೆ ವಕೀಲನು ಮುಂದುವರಿಯಲೇಬೇಕು, ಸಾಕ್ಷ್ಯದಿಂದ ಹುಟ್ಟುವ ನ್ಯಾಯವಾದ ವಾದಗಳನ್ನೆಲ್ಲ ಮಂಡಿಸಲೇಬೇಕು ಎಂದು ಪಾರ್ಕನು ತಿಳಿಸಿದನು. ಅದೇ ಮೊಕದ್ದಮೆಯಲ್ಲಿ ಆಸನದ ಮೇಲಿದ್ದ ತನ್ನ ಕಿವಿಗೆ ಇದನ್ನು ಹಾಕಿದ್ದು ಅವನಿಗೆ ಬೇಸರವನ್ನೂ ತಂದಿತು. ಆ ಬೇಸರ ನ್ಯಾಯವಾದುದೇ. ಫಿಲಿಪ್ಸನ ಮೊದಲನೆಯ ತಪ್ಪು ಪತ್ರಿಕೆಯ ಮುಂದೆ ಆದುದಲ್ಲ, ಇಲ್ಲಿ ಆದುದು.

ಫಿಲಿಪ್ಸನು ಭಾಷಣ ಮಾಡಿದನು. ಪೊಲೀಸಿನವರ ಮೇಲೂ ಹೋಟೆಲಿನ ಮೇಲೂ ಸಂದೇಹ ಬರುವಂತೆ ಮಾಡಿದನು. ಜ್ಯೂರಿಯವರು ಆಪಾದಿತನನ್ನು ಅಪರಾಧಿಯೆಂದರು. ಜುಲೈ ೬ರಂದು ನ್ಯೂಗೇಟ್ ಸೆರೆಮನೆಯ ಮುಂದೆ ಅವನನ್ನು ಗಲ್ಲಿಗೇರಿಸಿದಾಗ ನೆರೆದ ಜನಸಂದಣಿಯಲ್ಲಿ ಡಿಕನ್ಸನೂ ಥ್ಯಾಕರೆಯೂ ಇದ್ದರೆಂಬುದು ಇಂಗ್ಲಿಷ್ ಸಾಹಿತ್ಯದ ಅಭ್ಯಾಸಿಗಳಿಗೆ ತಿಳಿದ ವಿಷಯ. ಥ್ಯಾಕರೆಯು ಆ ದೃಶ್ಯವನ್ನು ಕುರಿತು ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಡಿಕನ್ಸನು ಅದಕ್ಕೂ ಮುಂಚೆ, ಜೂನ್ ತಿಂಗಳಲ್ಲಿಯೇ, ‘ಮಾರ್ನಿಂಗ್ ಕ್ರಾನಿಕಲ್’ ಪತ್ರಿಕೆಗೆ ‘ಮ್ಯಾನ್ಲಿಯಸ್’ ಎಂಬ ಗುಪ್ತನಾಮದಲ್ಲಿ ಪತ್ರಗಳನ್ನು ಬರೆದು ಫಿಲಿಪ್ಸನ ನಡತೆಯನ್ನು ಖಂಡಿಸಿದ್ದನೆಂಬುದು ಅಷ್ಟಾಗಿ ತಿಳಿದುದಲ್ಲ. ಆಕ್ಷೇಪಗಳು ಮುಖ್ಯವಾಗಿ ಮೂರು ಬಗೆಯವು: ಅಪರಾಧವನ್ನು ತಿಳಿದ ಮೇಲೂ ವಾದವನ್ನು ಬಿಡಲಿಲ್ಲ, ನಿರಪರಾಧಿಗಳಾದ ಸೇವಕಿಯರ ಮೇಲೆ ಅಪರಾಧವನ್ನು ಹೊರಿಸಲು ನೋಡಿದನು, ಕಕ್ಷಿಗಾರನು ನಿರ್ದೋಷಿಯೆಂದು ದೇವರ ಮೇಲೆ ಆಣೆಯಿಟ್ಟಂತೆ ನುಡಿದನು. ಈ ಮೂರರಲ್ಲಿ ಒಂದಕ್ಕಾದರೂ ಪೂರ್ಣವಾದ ಉತ್ತರ ಕೊಡಬೇಕಾದರೆ, ಕಟಕಟೆಯ ಬಳಿ ಯಾವಾಗ ಏನು ನಡೆಯಿತೆಂಬುದನ್ನು ಫಿಲಿಪ್ಸನು ಹೊರಗೆಡಹಲೇಬೇಕಾಗಿತ್ತು. ಅವನು ಒಂಬತ್ತು ವರ್ಷ ಸುಮ್ಮನಿದ್ದನು.

೧೮೪೯ರ ನವೆಂಬರಿನಲ್ಲಿ ‘ಎಕ್ಸಾಮಿನರ್’ ಪತ್ರಿಕೆಯು ಆ ಹಳೆಯ ಕಥೆಯನ್ನು ಮತ್ತೆ ಕೆದಕಿತು. ಆಗ ಸ್ವತಃ ವಕೀಲನೂ ಕಾದಂಬರಿಕಾರನೂ ಆಗಿದ್ದ ಸ್ಯಾಮ್ಯುಅಲ್ ವಾರೆನ್ನನ ಪ್ರೇರಣೆಯಿಂದ ಫಿಲಿಪ್ಸನು ಬಾಯಿ ಬಿಟ್ಟನು. ಅವರಿಬ್ಬರ ಪತ್ರವ್ಯವಹಾರ ‘ಟೈಮ್ಸ್’ನಲ್ಲಿ ಅಚ್ಚಾಯಿತು. ಸೇವಕಿಯ ಪಾಟೀಸವಾಲು ನಡೆದುದು ತಪ್ಪೊಪ್ಪಿಗೆಗೆ ಮುಂಚೆ. ಸೇವಕಿಯರ ಮೇಲೆ ತಾನು ಆರೋಪ ಹೊರಿಸುತ್ತಿಲ್ಲವೆಂದು ಭಾಷಣದಲ್ಲಿಯೇ ಹೇಳಿದ್ದುಂಟು. ಆಣೆಯಿಟ್ಟನೆಂಬುದು ಸುಳ್ಳು, ಸತ್ಯವನ್ನು ತಿಳಿದಿದ್ದ ನ್ಯಾಯಾಧೀಶನ ಎದುರಿನಲ್ಲಿಯೇ ಅಂಥ ಮಾತನ್ನು ಆಡುವುದು ಸಾಧ್ಯವೂ ಇರಲಿಲ್ಲ. ಇದು ಅವನ ಸಮಾಧಾನ. ಈ ಪತ್ರದಿಂದ ಅವನ ಮಾನ ಬಹುಮಟ್ಟಿಗೆ ಉಳಿಯಿತು. ತಪ್ಪಿತಸ್ಥನೆಂದು ತಿಳಿದವನ ಪರವಾಗಿ ವಾದಿಸುವಾಗ ವಕೀಲನು ಎಲ್ಲಿಯವರೆಗೆ ಹೋಗಬಹುದೆಂಬ ಚರ್ಚೆಗೆ ಅದು ಇಂದಿಗೂ ಮೂಲ ಪಾಠ. ಆದರೆ ಇಡುಗಂಟಿನ ಲೆಕ್ಕದಲ್ಲಿ ನೋಡಿದರೆ, ಹೊರಬಂದ ಮಾತು ಸತ್ತವನದು. ಅದರಿಂದ ಆದ ಲಾಭ ಬದುಕಿರುವವನದು. ಕುರ್ವಾಸಿಯೆಯು ಶಿಕ್ಷೆಗೆ ಮುಂಚೆ ತಾನಾಗಿಯೇ ತಪ್ಪೊಪ್ಪಿಕೊಂಡಿದ್ದರಿಂದ ನಷ್ಟವೇನೂ ಆಗಲಿಲ್ಲವೆಂದು ಹೇಳಬಹುದು. ತಪ್ಪೊಪ್ಪಿಗೆಯ ವಿಷಯದಲ್ಲಿ ಅದು ನಿಜ. ಆ ಬೆಳಗ್ಗೆ ಅವನು ವಕೀಲನೊಡನೆ ಆಡಿದ ಮಾತಿನ ವಿಷಯದಲ್ಲಿ ಹಾಗೆಂದು ಸುಲಭವಾಗಿ ಹೇಳಲಾಗದು. ಫಿಲಿಪ್ಸನ ಒಂಬತ್ತು ವರ್ಷದ ಮೌನವನ್ನು ಅವನ ಪತ್ರಕ್ಕಿಂತ ಮೇಲಾದುದೆಂದು ಎಣಿಸುವುದೇ ಯುಕ್ತವೆಂದು ತೋರುತ್ತದೆ.

ಆಮೇಲಿನ ಕಾಲದ ಅಭಿಪ್ರಾಯವೂ ಈ ಕಡೆಗೇ ವಾಲಿದೆ. ತನ್ನ ಮೇಲೆ ನ್ಯಾಯಸ್ಥಾನದಲ್ಲಿ ಅಥವಾ ಶಿಸ್ತಿನ ಸಮಿತಿಯಲ್ಲಿ ಆರೋಪ ಬಂದಾಗ, ತನ್ನನ್ನು ಕಾಪಾಡಿಕೊಳ್ಳಲು ಬೇಕಾದಷ್ಟು ಮಟ್ಟಿಗೆ ಕಕ್ಷಿಗಾರನ ಗುಟ್ಟನ್ನು ವಕೀಲನು ಹೇಳಬಹುದೆಂದು ಅಮೆರಿಕದ ಮಾದರಿ ನಿಯಮಗಳು ಒಪ್ಪುತ್ತವೆ. ಆದರೆ ಅಂತರ್ಜಾಲದಲ್ಲಿ ಯಾರೋ ತೆಗಳಿ ಬರೆದರೆಂಬುದು ಅಂಥ ಸಂದರ್ಭವಲ್ಲವೆಂದು ಅಲ್ಲಿನ ವಕೀಲರ ಮಹಾಸಂಘವು ೨೦೨೧ರ ಜನವರಿಯಲ್ಲಿ ಹೊರಡಿಸಿದ ೪೯೬ನೆಯ ಅಭಿಪ್ರಾಯದಲ್ಲಿ ತಿಳಿಸಿತು. ವೃತ್ತಿಯ ಕಟ್ಟುಪಾಡಿನ ದೆಸೆಯಿಂದ ಉತ್ತರ ಕೊಡಲಾಗುತ್ತಿಲ್ಲವೆಂದಷ್ಟೇ ಹೇಳಿ ನಿಲ್ಲಬಹುದು ಎಂಬುದು ಅದರ ಸೂಚನೆ. ಫಿಲಿಪ್ಸನಿಗೆ ಇಷ್ಟು ಹೇಳುವ ಅವಕಾಶ ಮಾತ್ರ ಇದ್ದಿದ್ದರೆ ಅವನ ಹೆಸರು ಏನಾಗುತ್ತಿತ್ತೋ ಊಹಿಸಬಹುದು.

ಕಕ್ಷಿಗಾರನು ಸತ್ತು, ಮೊಕದ್ದಮೆ ಮುಗಿದ ಬಳಿಕದ ಮಾತು ಇದಾಯಿತು. ಮೊಕದ್ದಮೆ ಇನ್ನೂ ನಡೆಯಬೇಕಾಗಿರುವಾಗ ಪ್ರಶ್ನೆ ಬೇರೊಂದು ರೂಪವನ್ನು ತಾಳುತ್ತದೆ. ಆಗ ಮೌನವೇ ಕಕ್ಷಿಗಾರನಿಗೆ ದ್ರೋಹವಾಗಬಹುದು. ಇದಕ್ಕೆ ಅಮೆರಿಕದ ಲಾಸ್ ವೇಗಸ್ ನಗರದ ಜೆಂಟೀಲ್ ಪ್ರಕರಣವು ತಕ್ಕ ನಿದರ್ಶನ. ೧೯೮೭ರ ಜನವರಿ ಕೊನೆಯಲ್ಲಿ, ವೇಷ ಮರೆಸಿಕೊಂಡ ಪೊಲೀಸರು ತಮ್ಮ ಕಾರ್ಯಾಚರಣೆಗಾಗಿ ಒಂದು ಖಾಸಗಿ ಭದ್ರತಾ ಕೋಠಿಯಲ್ಲಿ ಇಟ್ಟಿದ್ದ ನಾಲ್ಕು ಕಿಲೋಗ್ರಾಂ ಕೊಕೇನೂ ಸುಮಾರು ಮೂರು ಲಕ್ಷ ಡಾಲರ್ ಬೆಲೆಯ ಪ್ರವಾಸಿ ಚೆಕ್ಕುಗಳೂ ಕಾಣೆಯಾದವು. ಅವುಗಳನ್ನು ಮುಟ್ಟುವ ಅವಕಾಶ ಪೊಲೀಸಿನವರಿಗೂ ಇತ್ತು, ಕೋಠಿಯ ಒಡೆಯನಿಗೂ ಇತ್ತು. ಒಂದು ವರ್ಷ ಕಾಲ ಪತ್ರಿಕೆಗಳು ಈ ಸುದ್ದಿಯನ್ನು ಬೆಳೆಸಿದವು. ಪೊಲೀಸಿನವರು ಸುಳ್ಳುಪತ್ತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದೂ ಒಡೆಯನು ಪರೀಕ್ಷೆಗೆ ಒಪ್ಪಲಿಲ್ಲವೆಂದೂ ವಾರ್ತೆಗಳು ಹೊರಟವು. ೧೯೮೮ರ ಫೆಬ್ರವರಿ ೫ರಂದು ಒಡೆಯನ ಮೇಲೆ ದೋಷಾರೋಪಣೆಯಾಯಿತು. ಅಂದೇ ಕೆಲವು ಗಂಟೆಗಳೊಳಗೆ ಅವನ ವಕೀಲ ಡಾಮಿನಿಕ್ ಜೆಂಟೀಲ್ ಪತ್ರಿಕಾಗೋಷ್ಠಿ ಕರೆದನು.

ಅವನು ಅವಿಚಾರದಿಂದ ನುಗ್ಗಿದವನಲ್ಲ. ಅದಕ್ಕೆ ಮುಂಚೆ ಅವನು ಇಂಥ ಗೋಷ್ಠಿಯನ್ನೇ ಕರೆದಿರಲಿಲ್ಲ. ಹಿಂದಿನ ರಾತ್ರಿ ಇಬ್ಬರು ಸಹೋದ್ಯೋಗಿಗಳೊಡನೆ ಕುಳಿತು ನೆವಾಡ ಸಂಸ್ಥಾನದ ೧೭೭ನೆಯ ನಿಯಮವನ್ನು ಓದಿದನು. ವಿಚಾರಣೆ ಆರು ತಿಂಗಳು ದೂರವಿದೆಯೆಂಬುದನ್ನೂ, ಜ್ಯೂರಿಯನ್ನು ಆರಿಸುವ ಜಿಲ್ಲೆಯಲ್ಲಿ ಆರು ಲಕ್ಷಕ್ಕೆ ಮೇಲ್ಪಟ್ಟು ಜನರಿರುವರೆಂಬುದನ್ನೂ ಗಣಿಸಿದನು. ಮರುದಿನ ಒಂದು ಚಿಕ್ಕ ಹೇಳಿಕೆಯನ್ನು ಓದಿದನು. ತನ್ನ ಕಕ್ಷಿಗಾರ ನಿರಪರಾಧಿ, ನಿಜವಾದ ಕಳ್ಳ ಒಬ್ಬ ಪೊಲೀಸ್ ಅಧಿಕಾರಿಯಾಗಿರುವ ಸಂಭವವೇ ಹೆಚ್ಚು, ಎದುರುಪಕ್ಷದ ಇತರ ಸಾಕ್ಷಿಗಳು ನಂಬಲರ್ಹರಲ್ಲ ಎಂಬುದು ಅದರ ಸಾರಾಂಶ. ಬಳಿಕ ಬಂದ ಕೆಲವು ಪ್ರಶ್ನೆಗಳಿಗೆ, ವೃತ್ತಿನೀತಿಯ ದೆಸೆಯಿಂದ ಹೆಚ್ಚಿಗೆ ಹೇಳಲಾರೆನೆಂದು ನಿರಾಕರಿಸಿದನು. ಆಗಸ್ಟಿನಲ್ಲಿ ವಿಚಾರಣೆ ನಡೆದಾಗ ಜ್ಯೂರಿಗೆ ಕರೆದವರಲ್ಲಿ ಆ ಗೋಷ್ಠಿಯನ್ನು ನೆನಪಿಟ್ಟಿದ್ದವನು ಒಬ್ಬನೂ ಸಿಕ್ಕಲಿಲ್ಲ. ಆಪಾದಿತನು ಎಲ್ಲ ಆರೋಪಗಳಿಂದಲೂ ಬಿಡುಗಡೆಯಾದನು. ಬಿಡುಗಡೆಯಾದ ಮೇಲೆ ವಕೀಲರ ಸಂಘವು ಜೆಂಟೀಲನ ಮೇಲೆ ಶಿಸ್ತಿನ ಕ್ರಮ ಕೈಗೊಂಡಿತು; ಖಾಸಗಿ ವಾಗ್ದಂಡನೆಯ ಶಿಫಾರಸಾಯಿತು; ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನವೂ ಅದನ್ನು ಎತ್ತಿಹಿಡಿಯಿತು.

೧೯೯೧ರ ಜೂನ್ ೨೭ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ವಿಚಿತ್ರವಾದುದು, ಏಕೆಂದರೆ ಅದರಲ್ಲಿ ಎರಡು ಬಹುಮತಗಳಿವೆ. ವಿಚಾರಣೆಗೆ ಗಣನೀಯವಾದ ಹಾನಿಯುಂಟಾಗುವ ಬಲವಾದ ಸಂಭವವಿರುವಲ್ಲಿ ವಕೀಲನ ಮಾತನ್ನು, ಇತರ ಪ್ರಜೆಗಳ ಮಾತಿಗಿಂತ ಹೆಚ್ಚಾಗಿ, ನಿರ್ಬಂಧಿಸಬಹುದೆಂದು ರೆನ್‌ಕ್ವಿಸ್ಟ್ ಬರೆದ ಭಾಗಕ್ಕೆ ಐವರ ಒಪ್ಪಿಗೆ. ನಿಯಮವನ್ನು ಜೆಂಟೀಲನಿಗೆ ಅನ್ವಯಿಸಿದ ರೀತಿ ಅಸ್ಪಷ್ಟವಾದುದರಿಂದ ಶಿಕ್ಷೆ ನಿಲ್ಲತಕ್ಕುದಲ್ಲವೆಂದು ಕೆನಡಿ ಬರೆದ ಭಾಗಕ್ಕೆ ಬೇರೊಂದು ಐವರ ಒಪ್ಪಿಗೆ. ಎರಡರಲ್ಲಿಯೂ ಇದ್ದವರು ನ್ಯಾಯಮೂರ್ತಿ ಓಕಾನರ್ ಒಬ್ಬರೇ. ಪ್ರತಿವಾದದ ‘ಸಾಮಾನ್ಯ ಸ್ವರೂಪ’ವನ್ನು ‘ವಿಸ್ತರಿಸದೆ’ ಹೇಳಬಹುದೆಂದು ನೆವಾಡದ ನಿಯಮ ಅನುಮತಿ ಕೊಟ್ಟಿತ್ತು. ಎಷ್ಟು ಹೇಳಿದರೆ ಸಾಮಾನ್ಯ, ಎಷ್ಟಕ್ಕೆ ವಿಸ್ತಾರ ಎಂಬುದನ್ನು ರಾತ್ರಿಯೆಲ್ಲ ಓದಿದರೂ ತಿಳಿಯುವಂತಿರಲಿಲ್ಲ. ಕೆನಡಿಯ ಭಾಗದಲ್ಲಿ ಇನ್ನೊಂದು ಮಾತಿದೆ. ಅದಕ್ಕೆ ಬಹುಮತದ ಬಲವಿಲ್ಲದಿದ್ದರೂ ತೂಕವುಂಟು. ವಕೀಲನ ಕರ್ತವ್ಯವು ನ್ಯಾಯಸ್ಥಾನದ ಹೊಸ್ತಿಲಿನೊಳಗೆ ಮಾತ್ರ ಮೊದಲಾಗುವುದಿಲ್ಲ. ಹೊರಗೆ ಹಬ್ಬಿದ ಅಪವಾದದಿಂದ ಕಕ್ಷಿಗಾರನನ್ನು ಕಾಪಾಡುವುದೂ ಅದರಲ್ಲಿ ಸೇರಿದೆ ಎಂಬುದು ಅದರ ತಾತ್ಪರ್ಯ. ೧೯೯೪ರಲ್ಲಿ ಮಾದರಿ ನಿಯಮಕ್ಕೆ ಒಂದು ಹೊಸ ಉಪನಿಯಮ ಸೇರಿತು: ತಾನಾಗಲಿ ತನ್ನ ಕಕ್ಷಿಗಾರನಾಗಲಿ ಎಬ್ಬಿಸದ ಪ್ರಚಾರದಿಂದ ಹಾನಿ ತಟ್ಟುತ್ತಿರುವಾಗ, ಅದನ್ನು ತಗ್ಗಿಸಲು ಬೇಕಾದಷ್ಟನ್ನು ಮಾತ್ರ ವಕೀಲನು ಹೇಳಬಹುದು. ಇಲ್ಲಿ ‘ಬೇಕಾದಷ್ಟು’ ಎಂಬುದೇ ಮುಖ್ಯವಾದ ಮಾತು. ಜೆಂಟೀಲನ ಹೇಳಿಕೆ ಕಕ್ಷಿಗಾರನಿಗೆ ಬೇಕಾದುದೇ ಆಗಿತ್ತು. ಎದುರು ಸಾಕ್ಷಿಗಳ ಶೀಲವನ್ನು ಕುರಿತ ಮಾತೂ ಬೇಕಾಗಿತ್ತೇ ಎಂಬುದು ಮಾತ್ರ ಸಂದೇಹ.

ಇಂಡಿಯಾದ ನಿಯಮವು ಹುಟ್ಟಿದ ನೆಲೆಯೇ ಬೇರೆ. ೧೯೬೧ರ ಅಡ್ವೊಕೇಟರ ಅಧಿನಿಯಮದ ಮೇರೆಗೆ ಭಾರತೀಯ ವಕೀಲರ ಪರಿಷತ್ತು ಮಾಡಿರುವ ೧೯೭೫ರ ನಿಯಮಗಳಲ್ಲಿ ೩೬ನೆಯದು, ತಾನು ತೊಡಗಿರುವ ಮೊಕದ್ದಮೆಗಳ ಸಂಬಂಧದಲ್ಲಿ ಪತ್ರಿಕೆಗಳಿಗೆ ಟಿಪ್ಪಣಿಗಳನ್ನು ಒದಗಿಸುವುದನ್ನೂ ಪ್ರೇರಿಸುವುದನ್ನೂ, ತನ್ನ ಭಾವಚಿತ್ರ ಅಚ್ಚಾಗುವಂತೆ ಮಾಡುವುದನ್ನೂ ನಿಷೇಧಿಸುತ್ತದೆ. ಈ ನಿಯಮ ಯಾವ ತಲೆಬರಹದ ಕೆಳಗಿದೆಯೆಂಬುದು ಗಮನಾರ್ಹ. ನ್ಯಾಯಸ್ಥಾನಕ್ಕೆ ಸಲ್ಲಬೇಕಾದ ಕರ್ತವ್ಯಗಳಲ್ಲಿ ಇದು ಸೇರಿಲ್ಲ, ಕಕ್ಷಿಗಾರನಿಗೆ ಸಲ್ಲಬೇಕಾದುವುಗಳಲ್ಲಿಯೂ ಇಲ್ಲ. ಸಹೋದ್ಯೋಗಿಗಳಿಗೆ ಸಲ್ಲಬೇಕಾದ ಕರ್ತವ್ಯಗಳಲ್ಲಿ, ದಲ್ಲಾಳಿಗಳ ಮೂಲಕ ಕೆಲಸ ಹಿಡಿಯುವುದು, ಹೆಸರಿನ ಹಲಗೆ ಎಷ್ಟು ದೊಡ್ಡದಿರಬೇಕೆಂಬುದು, ಇವುಗಳ ನಡುವೆ ಸೇರಿಕೊಂಡಿದೆ. ಎಂದರೆ, ಪತ್ರಿಕೆಯಲ್ಲಿ ಮಾತನಾಡಿದ ವಕೀಲನು ವಿಚಾರಣೆಯನ್ನು ಕೆಡಿಸಿಯಾನೆಂಬುದಲ್ಲ, ನೆರೆಯ ವಕೀಲನ ಕಕ್ಷಿಗಾರರನ್ನು ಸೆಳೆದುಕೊಂಡಾನೆಂಬುದೇ ಇಲ್ಲಿನ ಭಯ. ಹೀಗಿದ್ದರೂ ‘ಪ್ರೇರಿಸುವುದು’ ಎಂಬ ಮಾತನ್ನು ಇಟ್ಟವರು ಪತ್ರಿಕಾಪ್ರಪಂಚವನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು. ಹೆಸರಿಲ್ಲದ ‘ಬಲ್ಲ ಮೂಲಗಳು’ ಎಂಬ ವರದಿಯ ಹಿಂದೆ ಎಷ್ಟೋ ವೇಳೆ ಒಂದು ಕಪ್ಪುಕೋಟು ಇರುತ್ತದೆ.

ವಿಚಾರಣೆಯ ಶುದ್ಧಿಯ ಭಾರವನ್ನು ಇಂಡಿಯಾದಲ್ಲಿ ಹೊತ್ತಿರುವುದು ೧೯೭೧ರ ನ್ಯಾಯಾಲಯ ನಿಂದನೆಯ ಅಧಿನಿಯಮ. ಆದರೆ ಪ್ರಕಟಣೆಯಿಂದಾಗುವ ಹಾನಿಯ ವಿಷಯದಲ್ಲಿ ಕ್ರಿಮಿನಲ್ ವ್ಯವಹರಣೆ ‘ನಡೆಯುತ್ತಿದೆ’ ಎಂದು ಎಣಿಕೆಗೆ ಬರುವುದು ದೋಷಾರೋಪಣ ಪತ್ರ ಸಲ್ಲಿಸಿದ ಮೇಲೆ, ಇಲ್ಲವೆ ನ್ಯಾಯಸ್ಥಾನವು ಸಮನ್ಸು ಅಥವಾ ವಾರಂಟು ಹೊರಡಿಸಿದ ಮೇಲೆ. ದಸ್ತಗಿರಿಗೂ ಅದಕ್ಕೂ ನಡುವಿನ ಅವಧಿಯಲ್ಲಿಯೇ ಪತ್ರಿಕೆಗಳ ಕುತೂಹಲ ಅತಿಯಾಗಿರುತ್ತದೆ. ಈ ಕೊರತೆಯನ್ನು ನೀಗಿಸಲು ದಸ್ತಗಿರಿಯಿಂದಲೇ ಅವಧಿಯನ್ನು ಎಣಿಸಬೇಕೆಂದು ಕಾನೂನು ಆಯೋಗವು ೨೦೦೬ರ ತನ್ನ ೨೦೦ನೆಯ ವರದಿಯಲ್ಲಿ ಸಲಹೆ ಮಾಡಿತು.

ಇಂಡಿಯಾದಲ್ಲಿ ಜ್ಯೂರಿಯಿಲ್ಲವಾದುದರಿಂದ ಪತ್ರಿಕೆಯ ಮಾತಿನಿಂದ ಹಾನಿಯಿಲ್ಲವೆಂಬ ವಾದವೊಂದುಂಟು. ೧೯೫೯ರಲ್ಲಿ ಬೊಂಬಾಯಿಯಲ್ಲಿ ನಡೆದ ನಾನಾವಟಿಯ ವಿಚಾರಣೆಯಲ್ಲಿ, ‘ಬ್ಲಿಟ್ಸ್’ ಪತ್ರಿಕೆಯು ಬಹಿರಂಗವಾಗಿ ಆಪಾದಿತನ ಪಕ್ಷ ಹಿಡಿದಿರಲು, ಜ್ಯೂರಿಯವರು ಎಂಟಕ್ಕೆ ಒಂದರಂತೆ ಅವನನ್ನು ನಿರಪರಾಧಿಯೆಂದರು. ನ್ಯಾಯಾಧೀಶನು ಅದನ್ನು ಒಪ್ಪದೆ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದನು. ಅಲ್ಲಿ ಆದ ಶಿಕ್ಷೆಯನ್ನು ೧೯೬೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಿರಪಡಿಸಿತು. ಈ ಕಥೆಯನ್ನು ಜ್ಯೂರಿಯ ದೌರ್ಬಲ್ಯಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆದರೆ ಹಾನಿ ತಟ್ಟುವುದು ತೀರ್ಪು ಕೊಡುವವನಿಗೆ ಮಾತ್ರವಲ್ಲ. ಆಪಾದಿತನ ಮುಖವನ್ನು ಪತ್ರಿಕೆಯಲ್ಲಿ ನೋಡಿದ ಸಾಕ್ಷಿಯು ಗುರುತಿಸುವ ಕವಾಯತಿನಲ್ಲಿ ಆ ಮುಖವನ್ನು ತೋರಿಸಿದರೆ, ಅವನು ಗುರುತಿಸಿದುದು ಘಟನೆಯ ದಿನ ಕಂಡವನನ್ನೋ, ಮುಂಜಾನೆಯ ಪತ್ರಿಕೆಯಲ್ಲಿ ಕಂಡವನನ್ನೋ ಯಾರೂ ಹೇಳಲಾರರು. ಇನ್ನು ನ್ಯಾಯಾಧೀಶನ ಮನಸ್ಸೂ ಅರಿವಿಲ್ಲದೆ ಬಾಗಬಹುದೆಂಬುದನ್ನು ಆ ೨೦೦ನೆಯ ವರದಿಯೇ ಚರ್ಚಿಸಿದೆ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರ ಪೀಠವು ೨೦೧೨ರ ಸೆಪ್ಟೆಂಬರ್ ೧೧ರಂದು ಸಹಾರಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ. ನ್ಯಾಯವಿಚಾರಣೆಗೆ ನಿಜವಾದ ಅಪಾಯವಿರುವಲ್ಲಿ ಪ್ರಕಟಣೆಯನ್ನು ಸ್ವಲ್ಪಕಾಲ ಮುಂದೂಡುವಂತೆ ಆಜ್ಞೆ ಮಾಡಬಹುದೆಂದು ಅದರಲ್ಲಿ ನಿರ್ಣಯವಾಯಿತು. ಆ ತೀರ್ಪಿಗೆ ಕಾರಣವಾದ ಸಂಗತಿ ಮಾತ್ರ ಸಾಮಾನ್ಯವಾಗಿ ಮರೆತುಹೋಗಿದೆ. ಒಂದು ಪಕ್ಷದ ವಕೀಲನು ಎದುರುಪಕ್ಷದ ವಕೀಲನಿಗೆ ಕಳುಹಿಸಿದ ಗೋಪ್ಯವಾದ ರಾಜಿಯ ಸಲಹೆಯೊಂದು, ವಿಚಾರಣೆಯ ಮುನ್ನಾದಿನ ಒಂದು ದೂರದರ್ಶನ ವಾಹಿನಿಯಲ್ಲಿ ಬಿತ್ತರವಾಯಿತು. ಅದು ಯಾರ ಕೈಯಿಂದ ಜಾರಿತೆಂಬುದು ಇಲ್ಲಿ ಮುಖ್ಯವಲ್ಲ. ಪತ್ರಿಕಾಸ್ವಾತಂತ್ರ್ಯದ ಮೇಲೆ ಬಂದ ಒಂದು ದೊಡ್ಡ ನಿರ್ಬಂಧದ ಮೂಲದಲ್ಲಿ ಇಬ್ಬರು ವಕೀಲರ ನಡುವಿನ ಕಾಗದವೊಂದು ಇದೆಯೆಂಬುದು ಮುಖ್ಯ.

ಇದುವರೆಗೆ ಆಪಾದಿತನ ವಕೀಲನನ್ನೇ ಕುರಿತು ಹೇಳಿದುದಾಯಿತು. ಸರ್ಕಾರದ ಪರ ವಕೀಲನ ಮಾತಿಗೆ ತೂಕ ಹೆಚ್ಚು. ಆದಕಾರಣ ಅವನ ತಪ್ಪಿಗೂ ತೂಕ ಹೆಚ್ಚು. ಅವನ ಕಕ್ಷಿಗಾರ ಯಾವ ಒಬ್ಬ ಮನುಷ್ಯನೂ ಅಲ್ಲ, ಸಮಸ್ತ ಪ್ರಜೆಗಳು. ಆಪಾದಿತನೂ ಅವರಲ್ಲಿ ಒಬ್ಬನು. ಉತ್ತರ ಕ್ಯಾರೊಲೈನಾದ ಡರಂ ಜಿಲ್ಲೆಯ ಸರ್ಕಾರಿ ವಕೀಲ ನೈಫಾಂಗ್ ೨೦೦೬ರಲ್ಲಿ ಮೂವರು ವಿದ್ಯಾರ್ಥಿಗಳ ವಿಷಯದಲ್ಲಿ ಪತ್ರಿಕೆಗಳ ಮುಂದೆ ಆಡಿದ ಮಾತುಗಳೂ ಸಾಕ್ಷ್ಯವನ್ನು ಮರೆಮಾಡಿದುದೂ ಸೇರಿ, ೨೦೦೭ರಲ್ಲಿ ಅವನ ಸನ್ನದು ರದ್ದಾಯಿತು. ಆ ವಿದ್ಯಾರ್ಥಿಗಳು ನಿರ್ದೋಷಿಗಳೆಂದು ಸಂಸ್ಥಾನದ ಅಟಾರ್ನಿ ಜನರಲ್ ಸಾರಿದನು. ನಮ್ಮಲ್ಲ ೨೦೦೮ರ ಮುಂಬಯಿ ದಾಳಿಯ ವಿಚಾರಣೆಯಲ್ಲಿ ಸರ್ಕಾರದ ವಿಶೇಷ ವಕೀಲರಾಗಿದ್ದ ಉಜ್ವಲ್ ನಿಕಮ್ ಅವರು ೨೦೧೫ರ ಮಾರ್ಚಿನಲ್ಲಿ ಜಯಪುರದ ಒಂದು ಸಮ್ಮೇಳನದಲ್ಲಿ, ಆಪಾದಿತನಾದ ಕಸಬನು ಸೆರೆಮನೆಯಲ್ಲಿ ಬಿರಿಯಾನಿ ಬೇಡಿದನೆಂಬ ಸುದ್ದಿ ತಾವೇ ಕಟ್ಟಿದುದೆಂದೂ, ಅವನ ವಿಷಯದಲ್ಲಿ ಮರುಕ ಹುಟ್ಟುತ್ತಿದ್ದುದನ್ನು ತಡೆಯಲು ಹಾಗೆ ಮಾಡಿದುದೆಂದೂ ತಿಳಿಸಿದರು. ಅಪರಾಧಿಗೆ ಆಗಲೇ, ೨೦೧೨ರಲ್ಲಿ, ಮರಣದಂಡನೆಯಾಗಿತ್ತು. ಆ ಶಿಕ್ಷೆ ಸಾಕ್ಷ್ಯದ ಬಲದಿಂದಲೇ ನಿಂತುದು, ಬಿರಿಯಾನಿಯಿಂದಲ್ಲ. ಆದುದರಿಂದಲೇ ಆ ಮಾತು ಇನ್ನಷ್ಟು ಚಿಂತೆಗೆ ಕಾರಣ. ಅಷ್ಟು ಬಲವಾದ ಮೊಕದ್ದಮೆಗೆ ಕಲ್ಪಿತವಾದ ವಾರ್ತೆಯೊಂದು ಬೇಕಾಗಿರಲಿಲ್ಲ. ವರ್ಷಗಟ್ಟಲೆ ಜನರು ಅದನ್ನು ನಿಜವೆಂದೇ ನಂಬಿ ವಾದಿಸಿದರು. ಮೌನಕ್ಕೆ ವಕೀಲನಿಗೆ ಹಕ್ಕುಂಟು. ಸುಳ್ಳಿಗೆ ಯಾವ ಪಕ್ಷದ ವಕೀಲನಿಗೂ ಇಲ್ಲ.

ಹಾಗಾದರೆ ಪ್ರಶ್ನೆ ಬಂದಾಗ ಮಾಡತಕ್ಕುದೇನು? ಅನುಭವಿಗಳಾದ ವಕೀಲರ ನಡತೆಯನ್ನು ಗಮನಿಸಿದರೆ, ಇಲ್ಲಿ ನೀತಿಯೂ ಉಪಾಯವೂ ಒಂದೇ ದಾರಿಯಲ್ಲಿ ನಡೆಯುವುದು ಕಂಡುಬರುತ್ತದೆ. ಕೇಳಿದ ಕ್ಷಣವೇ ಉತ್ತರ ಕೊಡದಿರುವುದು ಮೊದಲನೆಯದು. ಯಾವ ಪತ್ರಿಕೆ, ಯಾರು, ಏನನ್ನು ಬರೆಯಹೊರಟಿದ್ದಾರೆ, ಎಷ್ಟು ಹೊತ್ತಿಗೆ ಪುಟ ಮುಗಿಯುತ್ತದೆ ಎಂದು ಕೇಳಿ ತಿಳಿದು, ಆ ಹೊತ್ತಿನೊಳಗೆ ತಾನೇ ಕರೆಯುವೆನೆಂದು ಹೇಳಿ, ಹೇಳಿದಂತೆ ಕರೆಯಬೇಕು. ಆ ನಡುವೆ ಕಕ್ಷಿಗಾರನನ್ನು ವಿಚಾರಿಸಿ ಅವನ ಸಮ್ಮತಿಯನ್ನು, ಸಾಧ್ಯವಿದ್ದಲ್ಲಿ ಬರವಣಿಗೆಯಲ್ಲಿ, ಪಡೆಯಬೇಕು. ಕಕ್ಷಿಗಾರನ ಸಮ್ಮತಿಯಿಂದ ಬಿಚ್ಚುವುದು ಅವನ ಗಂಟು ಮಾತ್ರ. ನ್ಯಾಯಸ್ಥಾನಕ್ಕೆ ಸಲ್ಲತಕ್ಕುದನ್ನು ಅವನು ಬಿಟ್ಟುಕೊಡಲಾರನು. ಅತ್ಯಾಚಾರಕ್ಕೆ ಗುರಿಯಾದವಳ ಗುರುತನ್ನೂ ಕಾನೂನಿನ ಕೈಗೆ ಸಿಕ್ಕಿದ ಮಗುವಿನ ಗುರುತನ್ನೂ ಮುಚ್ಚಿಡಬೇಕೆಂಬ ಶಾಸನಗಳನ್ನು ಸಡಿಲಿಸಲಾರನು. ಕೆಲವು ವೇಳೆ ಕಕ್ಷಿಗಾರನೇ ಪತ್ರಿಕೆಯಲ್ಲಿ ಗದ್ದಲವಾಗಲೆಂದು ಬಯಸುತ್ತಾನೆ. ಆಗ ಅವನನ್ನು ತಡೆಯುವುದೂ ವಕೀಲನ ಕೆಲಸವೇ. ಇಂದು ಅಚ್ಚಾದ ಅವನ ಮಾತನ್ನು ನಾಳೆ ಪಾಟೀಸವಾಲಿನಲ್ಲಿ ಅವನ ಮುಂದೆಯೇ ಹಿಡಿಯುತ್ತಾರೆ.

ಇನ್ನು ‘ಹೆಸರು ಹಾಕಬೇಡಿ’ ಎಂಬ ಒಪ್ಪಂದ. ಇದನ್ನು ಮಾತಿಗೆ ಮುಂಚೆ ಮಾಡಿಕೊಳ್ಳಬೇಕೇ ಹೊರತು ಮಾತಾದ ಮೇಲೆ ಬೇಡುವುದರಿಂದ ಪ್ರಯೋಜನವಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಎಲ್ಲರೂ ನೆನೆಯದಿರುವುದು ಬೇರೊಂದು ಸಂಗತಿ. ಗುಟ್ಟಾಗಿ ಹೇಳಿದ ಗುಟ್ಟೂ ಹೊರಬಿದ್ದ ಗುಟ್ಟೇ. ಹೆಸರು ಅಚ್ಚಾಗದಿದ್ದರೆ ವಕೀಲನಿಗೆ ರಕ್ಷಣೆ ದೊರೆತೀತು, ಕಕ್ಷಿಗಾರನಿಗೆ ದೊರೆಯದು.

‘ಏನೂ ಹೇಳುವುದಿಲ್ಲ’ ಎಂಬ ಬರಿಯ ಮಾತು ಸುರಕ್ಷಿತವೆಂದು ಎಣಿಸುವವರು ಬಹಳ. ಓದುವವರು ಅದನ್ನು ‘ಹೇಳಲು ಏನೂ ಇಲ್ಲ’ ಎಂದೇ ಓದಿಕೊಳ್ಳುತ್ತಾರೆ. ಮೊಕದ್ದಮೆ ವಿಚಾರಣೆಯಲ್ಲಿರುವುದರಿಂದ ಉತ್ತರವನ್ನು ನ್ಯಾಯಸ್ಥಾನದಲ್ಲಿಯೇ ಕೊಡುವೆವೆಂದು ಕಾರಣ ಸಹಿತ ಹೇಳುವುದರಲ್ಲಿ ಅಷ್ಟೇ ಮೌನವುಂಟು, ಅಪಾರ್ಥಕ್ಕೆ ಎಡೆ ಕಡಿಮೆ. ಇದಕ್ಕೆ ಮೇಲೆ ಹೇಳಬಹುದಾದುದೂ ಕಡಿಮೆಯಿಲ್ಲ: ಮೊಕದ್ದಮೆ ಯಾವ ಘಟ್ಟದಲ್ಲಿದೆ, ಮುಂದಿನ ತಾರೀಖು ಯಾವುದು, ಯಾವ ಕಲಮಿನ ಕೆಳಗೆ ಆರೋಪ, ಬಹಿರಂಗ ನ್ಯಾಯಸ್ಥಾನದಲ್ಲಿ ಏನು ನಿವೇದನೆಯಾಯಿತು. ವರದಿಗಾರನಿಗೆ ಎಷ್ಟೋ ವೇಳೆ ಬೇಕಾಗಿರುವುದೂ ಇಷ್ಟೇ. ಜಾಮೀನು ಸಿಕ್ಕಿದ ಮಾತ್ರಕ್ಕೆ ಬಿಡುಗಡೆಯಾಯಿತೆಂದಲ್ಲ, ದೂರು ದಾಖಲಾದ ಮಾತ್ರಕ್ಕೆ ಅಪರಾಧ ಸಿದ್ಧವಾಯಿತೆಂದಲ್ಲ ಎಂಬುದನ್ನು ತಾಳ್ಮೆಯಿಂದ ವಿವರಿಸುವ ವಕೀಲನು ತನ್ನ ಕಕ್ಷಿಗಾರನಿಗೂ ಓದುವವರಿಗೂ ಉಪಕಾರ ಮಾಡುತ್ತಾನೆ. ಸಾಕ್ಷಿಗಳ ಶೀಲ, ತಪ್ಪೊಪ್ಪಿಗೆಯುಂಟೋ ಇಲ್ಲವೋ ಎಂಬುದು, ಪರೀಕ್ಷೆಗಳ ಫಲ, ಆಪಾದಿತನ ಹಿಂದಿನ ಚರಿತ್ರೆ, ನ್ಯಾಯಾಧೀಶನು ಏನು ಮಾಡಿಯಾನೆಂಬ ಊಹೆ, ಇವುಗಳ ಹತ್ತಿರ ಸುಳಿಯಬಾರದು. ಮಾತು ಮೂರು ನಾಲ್ಕು ವಾಕ್ಯಗಳಿಗೆ ಮಿತವಾಗಿ, ಮೊದಲೇ ಬರೆದು, ಮತ್ತೊಬ್ಬರಿಗೆ ತೋರಿಸಿ, ಎಲ್ಲ ಪತ್ರಿಕೆಗಳಿಗೂ ಒಂದೇ ರೂಪದಲ್ಲಿ ಹೋಗುವುದು ಕ್ಷೇಮ. ವರದಿ ತಪ್ಪಾದರೆ, ತಪ್ಪಾದ ಸಂಗತಿಯನ್ನು ಮಾತ್ರ ಎತ್ತಿ ಸಂಪಾದಕರಿಗೆ ಪತ್ರ ಬರೆಯಬಹುದು. ನ್ಯಾಯಸ್ಥಾನದ ಕಡತವನ್ನು ಇನ್ನೂ ಸೇರದ ಅರ್ಜಿಯನ್ನು ಪತ್ರಿಕೆಯವರ ಕೈಗೆ ಮೊದಲು ಕೊಡುವ ಅಭ್ಯಾಸವಂತೂ ನ್ಯಾಯಾಧೀಶನಿಗೆ ಮಾಡುವ ಅವಮರ್ಯಾದೆಯೇ ಸರಿ.

ಈಗ ನ್ಯಾಯಸ್ಥಾನದ ಒಳಗಿನ ಮಾತೂ ಹೊರಗೆ ಕೇಳಿಸತೊಡಗಿದೆ. ಕರ್ನಾಟಕದ ಉಚ್ಚ ನ್ಯಾಯಾಲಯವು ಕಲಾಪಗಳ ನೇರ ಪ್ರಸಾರಕ್ಕೆ ೨೦೨೧ರಲ್ಲಿ ನಿಯಮಗಳನ್ನು ಮಾಡಿತು. ಅನುಮತಿಯಿಲ್ಲದೆ ಆ ದೃಶ್ಯಗಳನ್ನು ಮುದ್ರಿಸಿಕೊಂಡು ಹಂಚುವುದಕ್ಕೆ ನಿಷೇಧವಿದ್ದರೂ ತುಂಡು ತುಂಡಾದ ದೃಶ್ಯಗಳು ಹರಿದಾಡುತ್ತಲೇ ಇವೆ. ಪೀಠದ ಕಡೆ ಮುಖ ಮಾಡಿ ಆಡಿದ ವಾದವನ್ನು ಪ್ರಸಾರದ ಕಡೆ ಕಿವಿಯಿಟ್ಟು ಆಡುವ ಮೋಹ ಇದರಿಂದ ಹುಟ್ಟಿದರೆ ಆಶ್ಚರ್ಯವಿಲ್ಲ.

ಮೊಕದ್ದಮೆ ಮುಗಿದ ಮೇಲೆ ಬರುವ ಪ್ರಶ್ನೆಗಳು ಸೌಮ್ಯವಾದುವು, ಆದುದರಿಂದ ಮೋಸಗೊಳಿಸುವಂಥವು. ತೀರ್ಪಿನ ಗುಣದೋಷಗಳನ್ನು ಮರ್ಯಾದೆಯಿಂದ ವಿಮರ್ಶಿಸಲು ೧೯೭೧ರ ಅಧಿನಿಯಮವೇ ಎಡೆಕೊಡುತ್ತದೆ. ಆದರೆ ಕಕ್ಷಿಗಾರನ ಮಾತು ಬೇರೆ. ೧೮೭೨ರ ಸಾಕ್ಷ್ಯ ಅಧಿನಿಯಮದ ೧೨೬ನೆಯ ಕಲಮು ಒಂದು ಪುಟ್ಟ ದೃಷ್ಟಾಂತವನ್ನು ಕೊಡುತ್ತಿತ್ತು: ಖೋಟಾ ದಸ್ತಾವೇಜು ಮಾಡಿದ್ದೇನೆ, ನನ್ನ ಪರವಾಗಿ ನಿಲ್ಲಿರಿ ಎಂದು ಒಬ್ಬನು ವಕೀಲನಿಗೆ ಹೇಳುತ್ತಾನೆ. ತಪ್ಪಿತಸ್ಥನ ಪರವಾಗಿ ವಾದಿಸುವುದು ಅಪರಾಧದ ಉದ್ದೇಶವಲ್ಲವಾದುದರಿಂದ ಆ ಮಾತಿಗೆ ರಕ್ಷಣೆಯುಂಟು. ಕುರ್ವಾಸಿಯೆಯ ಕಟಕಟೆಯ ಮಾತೇ ಶಾಸನದ ಭಾಷೆಯಲ್ಲಿ ಮರಳಿ ಬಂದಂತಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೩೨ನೆಯ ಕಲಮಿನಲ್ಲಿಯೂ ಅದು ಉಳಿದುಕೊಂಡಿದೆ. ವಕಾಲತ್ತು ಮುಗಿದ ಬಳಿಕವೂ ಈ ಕಟ್ಟು ಬಿಡುವುದಿಲ್ಲವೆಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಎಷ್ಟು ವರ್ಷದ ಬಳಿಕ ಬಿಡುತ್ತದೆಂದು ಹೇಳುವುದಿಲ್ಲ. ವೃದ್ಧಾಪ್ಯದಲ್ಲಿ ಆತ್ಮಕಥೆ ಬರೆಯಲು ಕುಳಿತ ವಕೀಲರು ತಮ್ಮ ಅತ್ಯಂತ ಸ್ವಾರಸ್ಯವಾದ ಅಧ್ಯಾಯಗಳನ್ನು ಬರೆಯದೆ ಬಿಡಬೇಕಾಗಿರುವುದು ಈ ಕಾರಣದಿಂದ.